ಲಾರಿಯ ಮಿದುಳು, ಮೇಸ್ತ್ರಿಯ ಕೈ

ಪುಣೆ–ಹೈದರಾಬಾದ್ ಹೆದ್ದಾರಿಯೂ ವಿಜಯಪುರದ ಮೇಲಿಂದ ಹುಬ್ಬಳ್ಳಿಗೆ ಹೋಗುವ ಹೆದ್ದಾರಿಯೂ ಕೂಡುವ ಊರು ಸೊಲ್ಲಾಪುರ. ಅಲ್ಲಿಂದ ಆಗ್ನೇಯಕ್ಕೆ ಸುಮಾರು ೪೦ ಕಿಲೋಮೀಟರು ಹೋದರೆ ಅಕ್ಕಲಕೋಟೆ. ಅದರಾಚೆ ಅಫಜಲಪುರ, ಕಲಬುರಗಿ. ಕಬ್ಬು, ತೊಗರಿ, ಹೋಟಗಿಯ ಸಿಮೆಂಟು, ಸೊಲ್ಲಾಪುರದ ಚಾದರು, ಈ ಸೀಮೆಯ ಸರಕೆಲ್ಲವೂ ಲಾರಿಯ ಬೆನ್ನೇರಿಯೇ ಸಾಗುತ್ತದೆ. ಆದುದರಿಂದ ನಮ್ಮ ಎಷ್ಟೋ ಮನೆಗಳಿಗೆ ಒಂದು ಲಾರಿಯೆಂದರೆ ಒಂದು ಹೊಲವಿದ್ದಂತೆ. ಅದು ನಿಂತರೆ ಸಾಲದ ಕಂತೂ ನಿಲ್ಲುತ್ತದೆ, ಮನೆಯ ಸಂತೆಯೂ ನಿಲ್ಲುತ್ತದೆ.

ಹೀಗೆ ನಿಂತ ಲಾರಿಯ ಒಡೆಯನು ಇತ್ತೀಚೆಗೆ ಕೇಳಲು ಅಂಜುವ ಮಾತೊಂದಿದೆ: "ಇ.ಸಿ.ಎಂ. ಹೋಗಿದೆ, ಹೊಸದು ಹಾಕಬೇಕು." ಹಲವು ತಿಂಗಳ ಉಳಿತಾಯವನ್ನು ನುಂಗಬಲ್ಲ ಮಾತಿದು. ಅದು ನಿಜವೋ ಅಲ್ಲವೋ ಎಂಬುದನ್ನು ತಿಳಿಯುವ ಬಗೆಯನ್ನು ಮೇಸ್ತ್ರಿಗಳಷ್ಟೇ ಅಲ್ಲ, ಮನೆಯವರೂ ಅರಿತಿರುವುದು ಒಳ್ಳೆಯದು.

ಹಳೆಯ ಪಂಪು, ಹೊಸ ಪೆಟ್ಟಿಗೆ

ಹಿಂದಿನ ಲಾರಿಗಳಲ್ಲಿ ಡೀಸೆಲನ್ನು ಅಳೆದು ಕೊಡುತ್ತಿದ್ದುದು ಯಾಂತ್ರಿಕ ಪಂಪು. ೧೯೫೧ರಲ್ಲಿ ಆರಂಭವಾಗಿ ಬೆಂಗಳೂರಿನಲ್ಲಿ ನೆಲೆಯೂರಿದ 'ಮೈಕೋ' ಕಂಪನಿಯ ಹೆಸರು ನಮ್ಮ ಗ್ಯಾರೇಜುಗಳಲ್ಲಿ ಮನೆಮಾತಾಗಿತ್ತು. ೨೦೦೮ರಲ್ಲಿ ಅದು 'ಬಾಷ್' ಎಂದು ಹೆಸರು ಬದಲಿಸಿಕೊಂಡಿತು. ಆ ಪಂಪಿನ ದೋಷವನ್ನು ನುರಿತ ಮೇಸ್ತ್ರಿಯು ಇಂಜಿನ್ನಿನ ಸದ್ದಿನಿಂದಲೂ ಹೊಗೆಯ ಬಣ್ಣದಿಂದಲೂ ಗುರುತಿಸುತ್ತಿದ್ದನು.

ಹೊಗೆಯನ್ನು ತಗ್ಗಿಸುವ ನಿಯಮಗಳು ಬಿಗಿಯಾದಂತೆ ಈ ವ್ಯವಸ್ಥೆ ಬದಲಾಯಿತು. ೨೦೧೭ರ ಏಪ್ರಿಲ್ ೧ರಿಂದ ದೇಶಾದ್ಯಂತ ಬಿ.ಎಸ್. ೪, ೨೦೨೦ರ ಏಪ್ರಿಲ್ ೧ರಿಂದ ಬಿ.ಎಸ್. ೬ ಜಾರಿಗೆ ಬಂದವು. ಈಗ ಡೀಸೆಲು ೧,೬೦೦ ಬಾರ್ ಅಥವಾ ಅದಕ್ಕೂ ಮಿಕ್ಕಿದ ಒತ್ತಡದಲ್ಲಿ, ಎಂದರೆ ಲಾರಿಯ ಟೈರಿನ ಗಾಳಿಯ ಸುಮಾರು ಇನ್ನೂರು ಪಟ್ಟು ಒತ್ತಡದಲ್ಲಿ, ಒಂದೇ ಕೊಳವೆಯಲ್ಲಿ ಕಾದಿರುತ್ತದೆ. ಇಂಜಿನ್ನಿನ ವೇಗ, ಬಿಸಿ, ಗಾಳಿ, ಚಾಲಕನ ಕಾಲಿನ ಒತ್ತು ಇವನ್ನೆಲ್ಲ ಸೆನ್ಸರುಗಳಿಂದ ತಿಳಿದು, ಯಾವ ಇಂಜೆಕ್ಟರನ್ನು ಯಾವ ಕ್ಷಣದಲ್ಲಿ ಎಷ್ಟು ಹೊತ್ತು ತೆರೆಯಬೇಕೆಂದು ಆಜ್ಞಾಪಿಸುವ ಪೆಟ್ಟಿಗೆಯೇ ಇ.ಸಿ.ಎಂ.

ರೋಗ ಎಲ್ಲಿ?

ಈ ಪೆಟ್ಟಿಗೆಯು ತಾನಾಗಿ ಕೆಡುವುದು ಕಡಿಮೆ. ಅದಕ್ಕೆ ಅನ್ನ ನೀಡುವ ಬ್ಯಾಟರಿ, ವಾರ್ತೆ ಒಯ್ಯುವ ತಂತಿ, ಅರ್ಥಿಂಗ್, ಕನೆಕ್ಟರು ಇವು ಕೆಡುವುದೇ ಹೆಚ್ಚು. ಆದುದರಿಂದ ಪರೀಕ್ಷೆಯು ಅಗ್ಗದ್ದರಿಂದ ಆರಂಭವಾಗಬೇಕು.

ಮೊದಲನೆಯದು ಬ್ಯಾಟರಿ. ಎರಡು ಬ್ಯಾಟರಿಗಳು ಸೇರಿ, ನಿಂತ ಲಾರಿಯಲ್ಲಿ ಸುಮಾರು ೨೫ ವೋಲ್ಟ್ ಇರಬೇಕು. ಸ್ಟಾರ್ಟ್ ಮಾಡುವಾಗ ಅದು ೧೯ಕ್ಕಿಂತ ಬಹಳ ಕೆಳಗಿಳಿದರೆ ಪೆಟ್ಟಿಗೆಗೆ ಮಂಪರು ಕವಿದಂತಾಗಿ, ಇಲ್ಲದ ದೋಷಗಳನ್ನೂ ಅದು ಹೇಳತೊಡಗುತ್ತದೆ. ಆಮೇಲೆ ಫ್ಯೂಸು, ರಿಲೇ, ಚಾಸಿಗೆ ಬಿಗಿದ ಅರ್ಥಿಂಗ್ ತಂತಿ; ತುಕ್ಕು ಹಿಡಿದ ಒಂದು ಬೋಲ್ಟು ಇಡೀ ಲಾರಿಯನ್ನು ನಿಲ್ಲಿಸಬಲ್ಲದು.

ಅನಂತರ ಸ್ಕ್ಯಾನರು ತೋರಿಸುವ ಸಂಕೇತ. ಅನೇಕ ಲಾರಿಗಳಲ್ಲಿ ಇದಕ್ಕೆ ಎರಡು ಭಾಗಗಳಿವೆ: ಎಸ್.ಪಿ.ಎನ್. ಎಂಬುದು ದೋಷ ಎಲ್ಲಿದೆ ಎಂಬುದನ್ನೂ ಎಫ್.ಎಂ.ಐ. ಎಂಬುದು ಅದು ಯಾವ ಬಗೆಯದೆಂಬುದನ್ನೂ ಹೇಳುತ್ತದೆ. ಎಸ್.ಪಿ.ಎನ್. ೧೦೦ ಎಂದರೆ ಇಂಜಿನ್ ಆಯಿಲಿನ ಒತ್ತಡ. ಅದರೊಡನೆ ಎಫ್.ಎಂ.ಐ. ೧ ಬಂದರೆ ಒತ್ತಡವು ಅಪಾಯದ ಮಟ್ಟಕ್ಕೆ ಇಳಿದಿದೆಯೆಂದು ಅರ್ಥ. ಇಂಜಿನ್ನನ್ನು ಕೂಡಲೇ ನಿಲ್ಲಿಸಬೇಕು. ೩ ಅಥವಾ ೪ ಬಂದರೆ ಸೆನ್ಸರಿನ ಅಥವಾ ಅದರ ತಂತಿಯ ವೋಲ್ಟೇಜು ತಪ್ಪಿದೆಯೆಂದು ಅರ್ಥ. ಈ ಒಂದು ಅಂಕಿಯನ್ನು ಓದದೆ ಇಂಜಿನ್ ಬಿಚ್ಚುವುದೂ, ಅದನ್ನು ಕಡೆಗಣಿಸಿ ಲಾರಿ ಓಡಿಸುವುದೂ ಎರಡೂ ನಷ್ಟವೇ.

ನಾಲ್ಕಾರು ಸೆನ್ಸರುಗಳು ಒಮ್ಮೆಲೇ ದೂರಿಕೊಂಡರೆ ಅವೆಲ್ಲವೂ ಒಟ್ಟಿಗೆ ಸತ್ತಿವೆಯೆಂದು ತಿಳಿಯಬಾರದು. ಹಲವು ಸೆನ್ಸರುಗಳಿಗೆ ಒಂದೇ ೫ ವೋಲ್ಟಿನ ತಂತಿಯು ಹಂಚಿ ಹೋಗಿರುತ್ತದೆ. ಒಂದೊಂದನ್ನೇ ಬಿಡಿಸುತ್ತ ಹೋದರೆ, ಯಾವುದನ್ನು ತೆಗೆದಾಗ ಉಳಿದವು ಚೇತರಿಸುವವೋ ಅದರಲ್ಲಿ ಅಥವಾ ಅದರ ತಂತಿಯಲ್ಲಿ ಕಳ್ಳನಿದ್ದಾನೆ. ಪೆಟ್ಟಿಗೆಗಳು ಪರಸ್ಪರ ಮಾತನಾಡುವ 'ಕ್ಯಾನ್' ಜೋಡಿತಂತಿಯನ್ನು ಬ್ಯಾಟರಿ ಕಳಚಿ ಅಳೆದರೆ ಸುಮಾರು ೬೦ ಓಮ್ ಬರಬೇಕು. ೧೨೦ ಬಂದರೆ ಎಲ್ಲೋ ತಂತಿ ಕಡಿದಿರಬಹುದು, ಇಲ್ಲವೆ ತುದಿಯ ರೆಸಿಸ್ಟರು ಕೆಟ್ಟಿರಬಹುದು. ಸೊನ್ನೆಗೆ ಹತ್ತಿರ ಬಂದರೆ ಎರಡೂ ತಂತಿಗಳು ತಾಗಿಕೊಂಡಿವೆ. ಇವೆಲ್ಲ ಸರಿಯಿದ್ದರೆ ಮಾತ್ರ ಪೆಟ್ಟಿಗೆಯನ್ನು ಶಂಕಿಸಬೇಕು. ಪಕ್ಕದ ಲಾರಿಯದನ್ನು ತಂದು ಹಾಕಿ ನೋಡುವುದು ಸಲ್ಲದು. ಪ್ರತಿಯೊಂದು ಪೆಟ್ಟಿಗೆಯಲ್ಲಿಯೂ ಆಯಾ ಲಾರಿಯ ವಿವರಗಳನ್ನು ತುಂಬಿಸಿರುತ್ತಾರೆ.

ಕಾಪಾಡುವ ಬಗೆ

ಈ ಪೆಟ್ಟಿಗೆಯ ದೊಡ್ಡ ಶತ್ರು ವೆಲ್ಡಿಂಗು. ಕಬ್ಬಿನ ಹಂಗಾಮಿನ ಅವಸರದಲ್ಲಿ ಮುರಿದ ಬಾಡಿಯನ್ನು ರಸ್ತೆಬದಿಯಲ್ಲಿಯೇ ಬೆಸೆಯಿಸುವವರು, ಮೊದಲು ಬ್ಯಾಟರಿಯನ್ನೂ ಇ.ಸಿ.ಎಂ. ಕನೆಕ್ಟರನ್ನೂ ಕಳಚಿ, ವೆಲ್ಡಿಂಗಿನ ಅರ್ಥ್ ಕ್ಲ್ಯಾಂಪನ್ನು ಬೆಸೆಯುವ ಜಾಗದ ಪಕ್ಕದಲ್ಲಿಯೇ ಕಚ್ಚಿಸಬೇಕು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬುದು ಇಲ್ಲಿ ಅಕ್ಷರಶಃ ಸತ್ಯ.

ತೊಳೆಯುವಾಗ ಕನೆಕ್ಟರಿನ ಮೇಲೆ ರಭಸದ ನೀರು ಬಿಡಬಾರದು. ಪರೀಕ್ಷೆಗೆಂದು ತಂತಿಗೆ ಸೂಜಿ ಚುಚ್ಚಬಾರದು. ಆ ತೂತಿನಿಂದ ಮಳೆಗಾಲದಲ್ಲಿ ನೀರಿಳಿದು ತಾಮ್ರವು ಹಸಿರುಗಟ್ಟುತ್ತದೆ. ಹಾರನ್ನಿಗೂ ಅಲಂಕಾರದ ದೀಪಗಳಿಗೂ ಇಂಜಿನ್ನಿನ ತಂತಿಯನ್ನು ಕೊಯ್ದು ಕರೆಂಟು ತೆಗೆಯಬಾರದು. ಹಂಗಾಮು ಮುಗಿದು ನಿಲ್ಲಿಸಿದ ಲಾರಿಯಲ್ಲಿ ಇಲಿ ತಂತಿ ಕಡಿದಿದೆಯೇ ಎಂದು ನೋಡಬೇಕು. ಡೀಸೆಲ್ ಫಿಲ್ಟರಿನಲ್ಲಿ ಸೇರಿದ ನೀರನ್ನು ಆಗಾಗ ಬಸಿಯಬೇಕು. ಸ್ಕ್ಯಾನರಿನಿಂದ ಸಂಕೇತವನ್ನು ಅಳಿಸಿದ ಮಾತ್ರಕ್ಕೆ ರೋಗ ವಾಸಿಯಾಗದು. ಅಳಿಸುವ ಮುನ್ನ ಬರೆದಿಟ್ಟುಕೊಳ್ಳಬೇಕು.

ಇದಕ್ಕಾಗಿ ಪ್ರತಿ ಲಾರಿಗೂ ಕನ್ನಡದಲ್ಲಿಯೇ ಒಂದು ವಹಿ ಇರಲಿ. ತಾರೀಖು, ಓಡಿದ ಕಿಲೋಮೀಟರು, ಕಂಡ ಸಂಕೇತ, ಮಾಡಿದ ದುರಸ್ತಿ ಇಷ್ಟನ್ನು ಬರೆದರೆ ಸಾಕು. ಸ್ಕ್ಯಾನರಿನ ಇಂಗ್ಲಿಷನ್ನು ಓದಿ ಹೇಳಲು ಶಾಲೆ ಕಲಿತ ಮಗನೋ ಮಗಳೋ ಮನೆಯಲ್ಲಿದ್ದೇ ಇರುತ್ತಾರೆ. ಐ.ಟಿ.ಐ.ಗಳಲ್ಲಿ ಡೀಸೆಲ್ ಮೆಕ್ಯಾನಿಕ್ ಕಲಿಯುವ ನಮ್ಮ ಹುಡುಗರು ಸ್ಪ್ಯಾನರಿನೊಡನೆ ಮಲ್ಟಿಮೀಟರನ್ನೂ ಕೈಗೆತ್ತಿಕೊಳ್ಳಲಿ. ಹಿರಿಯ ಮೇಸ್ತ್ರಿಗಳ ಕಿವಿಯೂ ಕಿರಿಯರ ಮೀಟರೂ ಕೂಡಿದ ಗ್ಯಾರೇಜಿನಲ್ಲಿ, "ಪೆಟ್ಟಿಗೆ ಹೋಗಿದೆ" ಎಂಬ ತೀರ್ಪು ಎಲ್ಲ ಪರೀಕ್ಷೆಗಳೂ ಮುಗಿದ ಮೇಲೆಯೇ ಹೊರಬೀಳುವುದು.