ಸೆಕೆಯ ನಾಡಿನಲ್ಲಿ ನಾಡಿಯ ಸಾಕ್ಷ್ಯ

ಕಂಬಳದ ಕೆಸರುಗದ್ದೆಯಲ್ಲಿ ಕೋಣಗಳೊಡನೆ ಓಡುವ ತರುಣನನ್ನು ಕಂಡು ಇವನ ಹೃದಯದ ಕಸುವು ಅಸಾಧಾರಣವೆಂದು ನೆರೆದವರು ಉದ್ಗರಿಸುವುದು ಸಹಜವಾದರೂ, ಶರೀರವಿಜ್ಞಾನವು ಆ ಮಾತನ್ನು ಸುಲಭವಾಗಿ ಒಪ್ಪದು. 2020ರಲ್ಲಿ ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದರೆಂಬ ವಾರ್ತೆಗೆ ದೇಶವೇ ಬೆರಗಾಯಿತಷ್ಟೆ. ಆದರೆ ಅಂತಹ ಓಟಕ್ಕೆ ಬೇಕಾದ ಶಕ್ತಿಯ ಬಹುಭಾಗವು ಆಮ್ಲಜನಕದ ನೆರವಿಲ್ಲದೆ ಸ್ನಾಯುಗಳಲ್ಲಿಯೇ ಒದಗುವುದರಿಂದ, ಹೃದಯ ಶ್ವಾಸಕೋಶಗಳು ಪೂರ್ಣವಾಗಿ ಸಜ್ಜಾಗುವ ಮೊದಲೇ ಕೋಣಗಳು ಓಟದ ಕೊನೆಯಾದ ಮಂಜೊಟ್ಟಿಯನ್ನು ಮುಟ್ಟಿರುತ್ತವೆ.

ಹೃದಯ ಶ್ವಾಸಕೋಶಗಳ ಕ್ಷಮತೆಯೆಂಬುದು ಬೇರೆಯೇ ಗುಣ. ಪರಮಾವಧಿ ಶ್ರಮದಲ್ಲಿ ದೇಹವು ತನ್ನ ಪ್ರತಿ ಕಿಲೋಗ್ರಾಂ ತೂಕಕ್ಕೆ ನಿಮಿಷವೊಂದರಲ್ಲಿ ಎಷ್ಟು ಮಿಲಿಲೀಟರ್ ಆಮ್ಲಜನಕವನ್ನು ಬಳಸಬಲ್ಲುದೆಂಬುದೇ ಅದರ ಮಾನ. 1920ರ ದಶಕದಲ್ಲಿ ಇಂಗ್ಲೆಂಡಿನ ಎ. ವಿ. ಹಿಲ್ ಎಂಬ ವಿಜ್ಞಾನಿಯು ಬೆನ್ನಿಗೆ ಚೀಲ ಕಟ್ಟಿಕೊಂಡು ಓಡಿ, ಬಿಟ್ಟ ಉಸಿರನ್ನು ಅದರಲ್ಲಿ ತುಂಬಿ ಪರೀಕ್ಷಿಸಿದನು. ಎಲ್ಲರಿಗೂ ಇದು ಸಾಧ್ಯವಿಲ್ಲದ್ದರಿಂದ ನಾಡಿಯ ಮೊರೆಹೋಗಬೇಕಾಯಿತು. ಮಧ್ಯಮ ಶ್ರಮದಲ್ಲಿ ನಾಡಿಬಡಿತವೂ ಆಮ್ಲಜನಕದ ಬಳಕೆಯೂ ಹೆಚ್ಚುಕಡಮೆ ಸರಳರೇಖೆಯಲ್ಲಿ ಜೊತೆಗೂಡಿ ಏರುವುವೆಂಬುದನ್ನು ಆಧರಿಸಿ, 1954ರಲ್ಲಿ ಸ್ವೀಡನ್ನಿನ ಆಸ್ಟ್ರಾಂಡ್ ಮತ್ತು ರೀಮಿಂಗ್ ಎಂಬವರು ಪರಮಾವಧಿಯನ್ನು ಮುಟ್ಟದೆಯೇ ಅದನ್ನು ಊಹಿಸುವ ರೇಖಾಪಟವೊಂದನ್ನು ರಚಿಸಿದರು.

ನಮ್ಮ ಬ್ರಹ್ಮಾವರದ ಯಾವುದಾದರೂ ಶಾಲೆಯಂಗಳದಲ್ಲಿ ಮುರಕಲ್ಲಿನಿಂದ 41 ಸೆಂಟಿಮೀಟರ್ ಎತ್ತರದ ಕಟ್ಟೆಯೊಂದನ್ನು ಕಟ್ಟಿದರೆ ಇದೇ ತತ್ತ್ವವನ್ನು ಆಧರಿಸಿದ, ನ್ಯೂಯಾರ್ಕಿನ ಕ್ವೀನ್ಸ್ ಕಾಲೇಜಿನ ಮೆಟ್ಟಿಲು ಪರೀಕ್ಷೆಗೆ ಅಷ್ಟೇ ಸಾಕು. ಯುವಕನು ನಿಮಿಷಕ್ಕೆ 24 ಸಲದಂತೆ ಮೂರು ನಿಮಿಷ ಹತ್ತಿಳಿದು, ನಿಂತ ಐದನೆಯ ಸೆಕೆಂಡಿನಿಂದ ಹದಿನೈದು ಸೆಕೆಂಡುಗಳ ಕಾಲ ನಾಡಿಯನ್ನೆಣಿಸುವುದು. 36 ಬಡಿತಗಳಾದರೆ ನಿಮಿಷಕ್ಕೆ 144; ಇದನ್ನು 0.42ರಿಂದ ಗುಣಿಸಿ ಬಂದುದನ್ನು 111.33ರಿಂದ ಕಳೆದರೆ ಸುಮಾರು 51 ಮಿಲಿಲೀಟರ್. ಸ್ತ್ರೀಯರಿಗೆ ಹೆಜ್ಜೆಯ ವೇಗವೂ ಸೂತ್ರವೂ ಬೇರೆ.

ಇನ್ನು ತೊಡಕು ನಮ್ಮ ಸೆಕೆಯದು. ಕರಾವಳಿಯ ತೇವಭರಿತ ಗಾಳಿಯಲ್ಲಿ ಬೆವರು ಧಾರೆಯಾಗಿ ಇಳಿದರೂ ಆರದು. ಆರದ ಬೆವರು ಮೈಯನ್ನು ತಂಪುಮಾಡಲಾರದು. ಶಾಖವನ್ನು ಹೊರಗೆಡಹಲು ರಕ್ತವು ಚರ್ಮದೆಡೆಗೆ ಹರಿಯುವುದು, ಬೆವರಿನಿಂದ ದ್ರವಾಂಶವೂ ನಷ್ಟವಾಗುವುದು; ಇದರಿಂದ ಒಂದೊಂದು ಬಡಿತಕ್ಕೆ ದೂಡಲ್ಪಡುವ ರಕ್ತದ ಪ್ರಮಾಣವು ಕುಗ್ಗಿ, ಹೃದಯವು ಆ ಕೊರತೆಯನ್ನು ಹೆಚ್ಚು ಬಡಿತಗಳಿಂದ ತುಂಬಿಕೊಳ್ಳುವುದು. ಅದೇ ಯುವಕನ ನಾಡಿಯು ಏಪ್ರಿಲ್ಲಿನ ಮಧ್ಯಾಹ್ನ 39 ಬಡಿದರೆ ನಿಮಿಷಕ್ಕೆ 156 ಆಗಿ, ಸೂತ್ರವು 46 ಎಂದೇ ಹೇಳುವುದು. ಅವನ ಕ್ಷಮತೆ ಕುಂದಿಲ್ಲ, ಋತು ಬದಲಾಗಿದೆ, ಅಷ್ಟೆ. ಇಂತಹ ಪರೀಕ್ಷೆಗಳಲ್ಲಿ ನೂರಕ್ಕೆ ಹತ್ತು ಹದಿನೈದರಷ್ಟು ವ್ಯತ್ಯಾಸವು ಮೊದಲೇ ಇರುವಾಗ, ನಾಡಿಯನ್ನೆಣಿಸಿ ಕೈಗಡಿಯಾರವು ತೋರುವ ಕ್ಷಮತೆಯ ಅಂಕಿಯನ್ನು ನೆರೆಮನೆಯವನ ಅಂಕಿಯೊಡನೆ ಹೋಲಿಸಿ ಹಿಗ್ಗುವುದೂ ಕುಗ್ಗುವುದೂ ನನಗೆ ವಿನೋದವಾಗಿಯೇ ತೋರುತ್ತದೆ. ಒಬ್ಬನೇ ವ್ಯಕ್ತಿ, ಅದೇ ಕಟ್ಟೆಯ ಮೇಲೆ, ಮುಂಜಾವಿನ ತಂಪಿನಲ್ಲಿ, ಕಾಫಿಗೆ ಮುನ್ನ ತಿಂಗಳಿಗೊಮ್ಮೆ ಎಣಿಸಿದರೆ ಮಾತ್ರ ಅಂಕಿಗೆ ಅರ್ಥವುಂಟು.

ನಾಡಿಯನ್ನು ಏರಿಸುವುದು ಸೆಕೆಯೊಂದೇ ಅಲ್ಲ. ಚೌಕಿಯಲ್ಲಿ ವೇಷ ಕಟ್ಟಿ ರಂಗಪ್ರವೇಶಕ್ಕೆ ಕಾದಿರುವ ಯಕ್ಷಗಾನದ ಕಲಾವಿದನ ನಾಡಿ ಹಿಡಿದರೂ ಅದು ವೇಗವಾಗಿಯೇ ಇದ್ದೀತು. ಅಲ್ಲಿ ಏರಿದ್ದು ಉದ್ವೇಗವೇ ಹೊರತು ಆಮ್ಲಜನಕದ ಬೇಡಿಕೆಯಲ್ಲ. ಇದಕ್ಕೆ ಪ್ರತಿಯಾಗಿ, ರಕ್ತದೊತ್ತಡಕ್ಕೆಂದು ಬೀಟಾ ಬ್ಲಾಕರ್ ಮಾತ್ರೆ ಸೇವಿಸುವವರಲ್ಲಿ ನಾಡಿಯು ಔಷಧಬಲದಿಂದ ತಗ್ಗಿರುವ ಕಾರಣ, ಸೂತ್ರವು ಅವರಿಗೆ ಇಲ್ಲದ ಕ್ಷಮತೆಯನ್ನು ಆರೋಪಿಸುವುದು. ಅಂತಹವರೂ ಎದೆನೋವಿನ ಶಂಕೆಯುಳ್ಳವರೂ ಕಟ್ಟೆಯ ಲೆಕ್ಕವನ್ನು ಬಿಟ್ಟು ವೈದ್ಯರ ಸಮ್ಮುಖದಲ್ಲಿ ಇ.ಸಿ.ಜಿ. ಸಹಿತವಾಗಿಯೇ ಟ್ರೆಡ್‌ಮಿಲ್ಲನ್ನು ಹತ್ತಬೇಕು.