ಈ ಜಿಟಿ-ಆರ್ ಅಸಲಿಯೇ?

ಪ್ರಶ್ನೆ: 1970ರ ಎರಡು ಬಾಗಿಲಿನ ಸ್ಕೈಲೈನ್ ಜಿಟಿ-ಆರ್ ಅಸಲಿಯೋ, ಆಮೇಲೆ ಮಾರ್ಪಡಿಸಿದ್ದೋ ಎಂದು ಗುರುತಿಸುವುದು ಹೇಗೆ?

ಉತ್ತರ: ಹಿಂದಿನ ಚಕ್ರದ ಬಳಿ ಕುಕ್ಕರಗಾಲಲ್ಲಿ ಕೂತು ನೋಡಿದರೆ ಅರ್ಧ ಉತ್ತರ ಸಿಗುತ್ತದೆ. ಸಾಮಾನ್ಯ ಸ್ಕೈಲೈನಿನಲ್ಲಿ ಬದಿಯ ಏಣುಗೆರೆ ಚಕ್ರದ ಮೇಲೆ ಮುರಿಯದೆ ಸಾಗುತ್ತದೆ. ಜಿಟಿ-ಆರ್‌ನಲ್ಲಿ ಅಗಲ ಟೈರಿಗೆ ಜಾಗ ಮಾಡಲು ನಿಸಾನ್ ಅದನ್ನು ಕತ್ತರಿಸಿತ್ತು. ಆದರೆ ತಗಡು ಕತ್ತರಿಸುವುದು ಯಾವ ಗ್ಯಾರೇಜಿಗೂ ಕಷ್ಟವಲ್ಲ. ಬಾನೆಟ್ ಎತ್ತಲೇಬೇಕು.

ಅಲ್ಲಿರಬೇಕಾದ್ದು ಎಸ್20 ಎಂಜಿನ್: 1989 ಸಿಸಿ, ಆರು ಸಿಲಿಂಡರ್, 24 ವಾಲ್ವ್, 160 ಅಶ್ವಶಕ್ತಿ. ಸಾಧಾರಣ ಜಿಟಿಯ ಎಲ್20 ಎಂಜಿನ್ ಕಂಡರೆ ಅನುಮಾನ ಸಹಜ. ಚಾಸಿಸ್ ಸಂಖ್ಯೆ ಕೆಪಿಜಿಸಿ10 ಎಂದೇ ಶುರುವಾಗಬೇಕು. ‘ಪಿ’ ಇಲ್ಲದಿದ್ದರೆ ಅದು ಸಾಧಾರಣ ಜಿಟಿಗೆ ತೊಡಿಸಿದ ವೇಷ.

ಚಕ್ರ, ಸ್ಟೀರಿಂಗ್ ಬದಲಾಗಿದ್ದರೆ ದೊಡ್ಡ ದೋಷವಲ್ಲ, ಮೂಲ ಭಾಗ ಮರಳಿ ಜೋಡಿಸಬಹುದು. ಚಾಸಿಸ್ ಸಂಖ್ಯೆಯ ಸುತ್ತ ಹೊಸ ವೆಲ್ಡಿಂಗ್ ಕಂಡರೆ ಮಾತ್ರ ಕೊಳ್ಳಲೇಬಾರದು.