ಏರದೆ ನಿಂತ ಭಾರ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಕಡೆ ಸಂಚರಿಸಿದವರಿಗೆ ಅಲ್ಲಿ ಕಲ್ಲಿಗೆ ಬರವಿಲ್ಲವೆಂಬುದು ಗೊತ್ತು. ಕಲ್ಲನ್ನು ಗುಂಡಗೆ ಕಡೆದು ಹೆಗಲಿಗೆತ್ತಿ ಬಲವನ್ನು ಪರೀಕ್ಷಿಸುವ ಆಟ ಕನ್ನಡನಾಡಿನ ಹಳ್ಳಿಗಳಿಗೆ ಹೊಸದೇನಲ್ಲ. ಆದರೆ ಗುಂಡುಕಲ್ಲಿನಲ್ಲಿ ಒಂದು ತೊಡಕುಂಟು: ಅದರ ತೂಕವನ್ನು ನಮ್ಮಿಷ್ಟದಂತೆ ಒಂದು ಕಿಲೋಗ್ರಾಂ ಏರಿಸಲು ಬಾರದು. ಕಬ್ಬಿಣದ ಸರಳಿಗೆ ಆ ಅನುಕೂಲವಿದೆ. ಹಾಗಿದ್ದೂ ಸರಳನ್ನೆತ್ತುವವರು ಒಂದಲ್ಲ ಒಂದು ದಿನ ಒಂದೇ ತೂಕದಲ್ಲಿ ಸಿಕ್ಕಿಕೊಳ್ಳುತ್ತಾರೆ. ಇದೇಕೆ?

ಗೌರಿಬಿದನೂರಿನ ಕಾಲೇಜು ವಿದ್ಯಾರ್ಥಿಯೊಬ್ಬನನ್ನು ಕಲ್ಪಿಸಿಕೊಳ್ಳೋಣ. ಹೆಗಲ ಮೇಲೆ 40 ಕಿಲೋ ಹೊತ್ತು ಬಸ್ಕಿ ಹೊಡೆಯಲಾರಂಭಿಸಿದ ಆತ, ವಾರಕ್ಕೆ ಎರಡೂವರೆ ಕಿಲೋ ಏರಿಸುತ್ತ ಮೂರು ತಿಂಗಳಲ್ಲಿ 70 ಮುಟ್ಟಿದ. ಅನಂತರ ಎರಡು ತಿಂಗಳಾದರೂ ಎಪ್ಪತ್ತೇ. ಹಟ ಹಿಡಿದು ದಿನವೂ ಸಾಮು ಮಾಡಿದ. ಎಪ್ಪತ್ತು ಅರವತ್ತೈದಕ್ಕಿಳಿಯಿತು, ಮಂಡಿ ನೋಯತೊಡಗಿತು. ತನ್ನ ಮೈಯಲ್ಲಿರುವುದು ಇಷ್ಟೇ ಎಂದು ಆತ ನಂಬಿದ್ದಾನೆ. ಸೂಜಿಮದ್ದಿನ ಮಾತನ್ನು ಕಿವಿಯಲ್ಲಿ ಉಸುರುವವರೂ ಸಿಕ್ಕಿದ್ದಾರೆ.

ಆತನ ಮೊದಲ ತಿಂಗಳ ಗಳಿಕೆ ಬಹುಮಟ್ಟಿಗೆ ಸ್ನಾಯುವಿನದಲ್ಲ, ನರಗಳದು. ಸ್ನಾಯುವಿನ ಎಳೆಗಳು ಕಟ್ಟುಕಟ್ಟಾಗಿ ನರಗಳ ಅಪ್ಪಣೆಗೆ ಒಳಪಟ್ಟಿವೆ. ಅಭ್ಯಾಸವಿಲ್ಲದವನು ಎಲ್ಲ ಕಟ್ಟುಗಳನ್ನೂ ಒಮ್ಮೆಗೇ ದುಡಿಸಲಾರ. ಅಭ್ಯಾಸದಿಂದ ಅದು ಸಾಧ್ಯವಾಗುತ್ತದೆ. 1979ರಲ್ಲಿ ಮೊರಿತಾನಿ ಮತ್ತು ಡಿವ್ರೀಸ್ ಎಂಬ ವಿಜ್ಞಾನಿಗಳು ಇದನ್ನು ಅಳೆದು ತೋರಿಸಿದರು. ಮೂರರಿಂದ ಐದು ವಾರಗಳಾದ ಮೇಲೆ ಬಲದ ವೃದ್ಧಿಗೆ ಸ್ನಾಯುವೇ ದಪ್ಪವಾಗಬೇಕು. ಆ ಕೆಲಸ ನಿಧಾನದ್ದು.

ವಾರಕ್ಕೆ ಎರಡೂವರೆ ಕಿಲೋ ಎಂದೆಂದೂ ಏರುವಂತಿದ್ದರೆ ಐದು ವರ್ಷಕ್ಕೆ 650 ಕಿಲೋ ಹೆಚ್ಚಬೇಕಾಗಿತ್ತು! ಉಡುಪಿ ಜಿಲ್ಲೆಯ ಗುರುರಾಜ ಪೂಜಾರಿಯವರನ್ನು ನೋಡೋಣ. 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡೆಗಳಲ್ಲಿ, 56 ಕಿಲೋ ದೇಹತೂಕದ ವರ್ಗದಲ್ಲಿ, ಸ್ನ್ಯಾಚ್ ಹಾಗೂ ಕ್ಲೀನ್ ಅಂಡ್ ಜರ್ಕ್ ಸೇರಿ ಅವರೆತ್ತಿದ್ದು 249 ಕಿಲೋ, ದೊರೆತದ್ದು ಬೆಳ್ಳಿ. 2022ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ, 61 ಕಿಲೋ ವರ್ಗದಲ್ಲಿ 269 ಕಿಲೋ, ಕಂಚು. ನಾಲ್ಕು ವರ್ಷಗಳ ಅಂತರ ಇಪ್ಪತ್ತು ಕಿಲೋ. ನಮ್ಮ ವಿದ್ಯಾರ್ಥಿ ಅಷ್ಟನ್ನು ಎರಡೇ ತಿಂಗಳಲ್ಲಿ ಬಯಸಿದ್ದ.

ಇನ್ನು ದಣಿವಿನ ವಿಚಾರ. ಬಲ ಬೆಳೆಯುವುದು ಎತ್ತುವಾಗಲ್ಲ, ಎತ್ತಿದ ಮೇಲಿನ ವಿಶ್ರಾಂತಿಯಲ್ಲಿ. ದಿನವೂ ದುಡಿದರೆ ದಣಿವು ಸೇರುತ್ತ ಹೋಗಿ ಇರುವ ಬಲವನ್ನೂ ಮರೆಮಾಡುತ್ತದೆ. ಶಿಡ್ಲಘಟ್ಟದ ರೇಷ್ಮೆ ಸಾಕುವವರಿಗೆ ಇಂತಹದೊಂದು ಸಂಗತಿ ಚೆನ್ನಾಗಿ ಗೊತ್ತು. ಹುಳು ನಾಲ್ಕು ಬಾರಿ ಜ್ವರಕ್ಕೆ ಕೂರುತ್ತದೆ. ಆಗ ತಲೆಯೆತ್ತಿ ಅಲುಗದೆ ನಿಂತ ಹುಳುವಿಗೆ ಯಾರೂ ಸೊಪ್ಪು ಹಾಕುವುದಿಲ್ಲ. ಪೊರೆ ಕಳಚಿ ಎದ್ದ ಹುಳು ಮೊದಲಿಗಿಂತ ಹೆಚ್ಚು ತಿನ್ನುತ್ತದೆ. (ಸ್ನಾಯುವೇನೂ ಪೊರೆ ಕಳಚುವುದಿಲ್ಲ, ಹೋಲಿಕೆ ಇಲ್ಲಿಗೇ ನಿಲ್ಲಲಿ.) ಆದುದರಿಂದ ಆತ ಒಂದು ವಾರ ಸುತ್ತುಗಳನ್ನು ಅರ್ಧಕ್ಕಿಳಿಸಿ, 45–50 ಕಿಲೋದಲ್ಲಿ ಹಗುರವಾಗಿ ಅಭ್ಯಾಸ ಮಾಡಲಿ. ಮಂಡಿನೋವು ಹೋಗದಿದ್ದರೆ ವೈದ್ಯರಿಗೆ ತೋರಿಸತಕ್ಕದ್ದು. ಪರೀಕ್ಷೆಯ ನೆಪದಲ್ಲಿ ನಿದ್ದೆಗೆಟ್ಟರೆ ಈ ವಾರವೂ ವ್ಯರ್ಥ.

ಊಟಕ್ಕೆ ದುಬಾರಿ ಡಬ್ಬಿಗಳು ಬೇಕಿಲ್ಲ. ರಾಗಿಯಲ್ಲಿ ಸಸಾರಜನಕ ನೂರಕ್ಕೆ ಏಳರಷ್ಟು ಮಾತ್ರ. ಒಣಗಿದ ಹುರುಳಿ, ಅವರೆಗಳಲ್ಲಿ ಇಪ್ಪತ್ತಕ್ಕೂ ಮೇಲು. ಮುದ್ದೆಯೊಡನೆ ಬರುವ ಸಾರಿನಲ್ಲಿ ಕಾಳು ಹೆಚ್ಚಿರಲಿ. ಹಾಲು, ಮೊಟ್ಟೆಗಳೂ ಒದಗಲಿ. ಪುರುಷ ಹಾರ್ಮೋನಿನ ಜಾತಿಯ ಸೂಜಿಮದ್ದುಗಳಾದರೋ ದೇಹವು ತಾನೇ ತಯಾರಿಸುವ ಹಾರ್ಮೋನನ್ನು ಅಡಗಿಸಿ ಹೃದಯವನ್ನು ಕೆಡಿಸುತ್ತವೆ. ಎಳೆಯರಲ್ಲಿ ಎತ್ತರದ ಬೆಳವಣಿಗೆಯನ್ನೇ ಬೇಗ ನಿಲ್ಲಿಸಬಲ್ಲವು.

ನೋವಿಲ್ಲವಾದರೆ ಮರುವಾರ 60 ಕಿಲೋದಿಂದ ತೊಡಗಿ, ವಾರಕ್ಕೆ ಮೂರೇ ದಿನ ಅಭ್ಯಾಸ ಮಾಡುತ್ತ, ಕೆಲವು ವಾರಗಳಲ್ಲಿ ಮೆಲ್ಲನೆ 70ಕ್ಕೆ ಮರಳಲಿ. ಅಲ್ಲಿಂದ ಮುಂದಿನ ಹೆಜ್ಜೆ ಎರಡೂವರೆಯಲ್ಲ, ಒಂದೇ ಕಿಲೋ. ಅರ್ಧ ಕಿಲೋದ ತಟ್ಟೆಗಳು ವ್ಯಾಯಾಮಶಾಲೆಯಲ್ಲಿ ಇಲ್ಲದಿದ್ದರೆ ಮರಳನ್ನು ತೂಗಿ ಎರಡು ಚೀಲಗಳಲ್ಲಿ ತುಂಬಿ, ಸರಳಿನ ಎರಡು ತುದಿಗಳಿಗೂ ಬಿಗಿಯಾಗಿ ಕಟ್ಟಬಹುದು. 71 ಕಿಲೋ ಏಳದಿದ್ದರೆ ಚೀಲ ಬಿಚ್ಚಿ, ಎಪ್ಪತ್ತನ್ನೇ ಹಿಂದಿನ ಸಲಕ್ಕಿಂತ ಒಂದು ಬಸ್ಕಿ ಹೆಚ್ಚು ಹೊಡೆದು ಮನೆಗೆ ಹೋಗಲಿ.